ಹುಣಸೆಮರದ ಹತ್ತಿರ ಬಾಗಿದ ಗೆರೆ

ಚಿಂತಲಗಾಂವ, ಸಿರ್ಗಾಪುರ ಮಂಡಲ
ಗುರುವಾರ, 13-2-2025, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಅವ್ವಾ,

ಜೈ ಭೀಮ್. ನಿನ್ನ ಬಲ ಮೊಣಕಾಲು ಈಗ ಹೇಗಿದೆ? ತಾಂಡೂರಿನ ಅಕ್ಕನ ಮನೆಗೆ ಹನ್ನೊಂದು ಮೆಟ್ಟಿಲಂತೆ. ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀ ಎಂದು ನಿನ್ನನ್ನು ಕೇಳಿದರೆ ನಿಜ ಹೇಳುವುದಿಲ್ಲ, ಅದಕ್ಕೇ ಸ್ವರೂಪಕ್ಕನನ್ನು ಬೇರೆಯಾಗಿ ಕೇಳಿದ್ದೇನೆ. ಅವಳ ಲೆಕ್ಕಕ್ಕೂ ನಿನ್ನ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಕೂಸಿನ ನೆಗಡಿ ಹೋಯಿತೇ? ಭಾವ ಕಲ್ಲು ಪಾಲಿಶ್ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೋ, ಇಲ್ಲ ನನಗೆ ಹೇಳಲಿಕ್ಕಷ್ಟೇ ಕಟ್ಟಿಕೊಳ್ಳುತ್ತೇನೆ ಅನ್ನುತ್ತಾರೋ? ಮಾಲೀಕರು ಯಾವುದಾದರೂ ಕಾಗದಕ್ಕೆ ಸಹಿ ಮಾಡು ಎಂದರೆ ಓದದೆ ಮಾಡಬಾರದೆಂದು ಅವರಿಗೆ ಹೇಳು. ಇಲ್ಲಿ ನಿನ್ನಪ್ಪ, ನಮ್ಮ ಮುತ್ಯಾ, ಆರಾಮ ಇದ್ದಾನೆ. ಎರಡು ಹೊತ್ತು ರೊಟ್ಟಿ ತಿನ್ನುತ್ತಾನೆ, ಬೀಡಿ ಬಿಟ್ಟಿದ್ದೇನೆ ಅನ್ನುತ್ತಾನೆ, ಕಟ್ಟಿಗೆಯ ರಾಶಿಯ ಹಿಂದೆ ನನಗೆ ನಿನ್ನೆ ಎರಡು ತುಂಡು ಸಿಕ್ಕವು. ನಿನ್ನ ಹೊಲಿಗೆ ಮಶೀನಿಗೆ ಬಟ್ಟೆ ಮುಚ್ಚಿದ್ದೇನೆ. ಎರಡು ತಿಂಗಳಿಂದ ಮೂರು ಜನ ರವಿಕೆ ಬಟ್ಟೆ ತಂದು ಇಟ್ಟು ಹೋಗಿದ್ದಾರೆ. ಬೇರೆ ಯಾರ ಕೈಗೂ ಕೊಡುವುದಿಲ್ಲವಂತೆ.

ಫೋನು ಬಿಟ್ಟು ಯಾಕೆ ಬರೆಯುತ್ತಿದ್ದಾಳೆ ಎಂದು ನೀನು ಈಗಾಗಲೇ ಹೆದರಿರುತ್ತೀ. ಹೆದರಬೇಡ, ಯಾರಿಗೂ ಏನೂ ಆಗಿಲ್ಲ. ನಿನ್ನ ಫೋನು ಯಾವಾಗಲೂ ಭಾವನ ಕೈಯಲ್ಲಿರುತ್ತದೆ, ಅವರಿಗೆ ಸ್ಪೀಕರ್ ಹಾಕದೆ ಮಾತಾಡಲು ಬರುವುದಿಲ್ಲ, ಮೆಟ್ಟಿಲ ಕೆಳಗೆ ಬಂದು ಕೂರುವ ಲಾರಿಯವರಲ್ಲಿ ಇಬ್ಬರು ನಮ್ಮ ಊರ ಕಡೆಯವರು. ಇಲ್ಲಿಯ ಮಾತು ಅಲ್ಲಿ ಹೋಗಿ ಅಲ್ಲಿಂದ ಇಲ್ಲಿಗೇ ಬಂದು ಮುಟ್ಟಲು ಅರ್ಧ ಗಂಟೆ ಸಾಕು. ಪೋಸ್ಟಿಗೆ ಹಾಕಿದರೆ ಸೋಮವಾರದೊಳಗೆ ತಲುಪುವುದಿಲ್ಲ. ನಮ್ಮ ಬುದ್ಧವಿಹಾರದ ನೆಲಕ್ಕೆ ಹಾಸುಗಲ್ಲು ತರಲು ಯಂಕಪ್ಪ ಇವತ್ತು ಮಧ್ಯಾಹ್ನ ಲಾರಿಯಲ್ಲಿ ತಾಂಡೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಲಕೋಟೆ ಅಂಟಿಸಿದ ಕಡೆ ಅಡ್ಡಲಾಗಿ ನನ್ನ ಸಹಿ ಇದೆ. ಸಹಿಯ ಎರಡು ಭಾಗ ಸರಿಯಾಗಿ ಕೂಡದಿದ್ದರೆ ಯಾರೋ ಬಿಚ್ಚಿದ್ದಾರೆಂದು ತಿಳಿ. ಯಂಕಪ್ಪ ಒಳ್ಳೆಯವನೇ, ಆದರೆ ದಾರಿಯುದ್ದಕ್ಕೂ ಅವನಿಗೆ ಚಹಾ ಕುಡಿಸುವವರು ಬಹಳ. ನೀನು ಓದುವಂತೆ ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಅಕ್ಕನಿಂದ ಓದಿಸಬೇಡ. ಎಷ್ಟು ಹೊತ್ತಾದರೂ ನೀನೇ ಓದು.

ಬೀದರಿನ ಸಭೆಯಲ್ಲಿ ನಾನು ತಂದ ಹದಿನಾರು ಪುಟದ ಪುಸ್ತಿಕೆ ನೆನಪಿದೆಯಲ್ಲ, ಉಪ್ಪಿನಕಾಯಿ ಭರಣಿಯ ಮೇಲೆ ಮುಚ್ಚಲು ತೆಗೆದುಕೊಂಡು ನನ್ನಿಂದ ಬೈಸಿಕೊಂಡೆಯಲ್ಲ, ಅದೇ. ಊರಿನ ನಕಾಶೆಯನ್ನು ಊರಿನವರೇ ಬರೆಯುವುದು ಹೇಗೆಂದು ಅದರಲ್ಲಿದೆ. ನಕಾಶೆ ಬರೆಯಲು ಬಾರದವನ ನೆಲವನ್ನು ಬೇರೆಯವರು ಬರೆಯುತ್ತಾರೆ ಎಂಬುದು ಅದರ ಮೊದಲ ಸಾಲು. ನಾನು ಅದನ್ನು ಇಪ್ಪತ್ತು ಸಲ ಓದಿದ್ದೇನೆ. ಜನವರಿಯಲ್ಲಿ ಪಂಚಾಯತಿಯವರು ಬಂದು ನಮ್ಮ ಕಾಲೊನಿಯಿಂದ ಶಾಲೆಗೆ ಸಿಮೆಂಟ್ ರಸ್ತೆ ಮಂಜೂರಾಗಿದೆ ಎಂದು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಯಾವ ದಾರಿಗೆ ಎಂದು ನಾನೊಬ್ಬಳೇ ಕೇಳಿದೆ. ನಿನಗೆ ಗೊತ್ತಿರುವ ಹಾಗೆ ಇರುವುದು ಎರಡು ದಾರಿ. ಹುಣಸೆಮರದ ಹತ್ತಿರ ಎಡಕ್ಕೆ ತಿರುಗಿದರೆ ಹಳ್ಳದ ದಂಡೆ, ಜಾಲಿಮುಳ್ಳು, ಸುಡುಗಾಡು ಸುತ್ತಿ ಶಾಲೆಯ ಹಿಂದಿನ ಗೋಡೆ. ತಿರುಗದೆ ಸೀದಾ ಹೋದರೆ ಮಠದ ಓಣಿ, ಆ ತುದಿಗೆ ಶಾಲೆಯ ಮುಂದಿನ ಗೇಟು. ಮಂಡಲದಿಂದ ಎಂಜಿನಿಯರ್ ಸೋಮವಾರ ಹದಿನೇಳಕ್ಕೆ ಗ್ರಾಮಸಭೆಗೆ ಬರುತ್ತಾರೆ, ಕಾಲೊನಿಯವರು ಬಳಸುವ ದಾರಿಯ ನಕಾಶೆಯನ್ನು ಕಾಲೊನಿಯವರೇ ಬರೆದು ಕೊಡಬೇಕು, ಜನ ನಡೆಯದ ದಾರಿಗೆ ರಸ್ತೆ ಹಾಕಲು ಬರುವುದಿಲ್ಲ ಎಂದರು. ಅಷ್ಟು ಸಿಹಿಯಾಗಿ ಹೇಳಿದ್ದಕ್ಕೇ ನನಗೆ ಅನುಮಾನ ಬಂತು. ಓಣಿಯ ನಡುವೆ ಗೊಬ್ಬರದ ಅಂಗಡಿಯ ಪ್ರವೀಣಕುಮಾರ ಮೇವಿನ ಬಣವೆ ಒಟ್ಟಿ, ಟ್ರ್ಯಾಕ್ಟರಿನ ಟ್ರಾಲಿ ನಿಲ್ಲಿಸಿ ಮೂರು ವರ್ಷವಾಯಿತು. ರಸ್ತೆ ಹಳ್ಳದ ಕಡೆ ಹೋದರೆ ಓಣಿ ಅವನ ಅಂಗಳ. ನಮ್ಮ ಮಕ್ಕಳು ಇನ್ನು ಐವತ್ತು ವರ್ಷ ಸುಡುಗಾಡು ಸುತ್ತಿಯೇ ಶಾಲೆಗೆ ಹೋಗಬೇಕು, ಅದೂ ಸಿಮೆಂಟಿನ ಮೇಲೆ, ಉಪಕಾರ ನೆನೆಯುತ್ತ.

ಅದಕ್ಕೇ ವಿಹಾರದ ಪಡಸಾಲೆಯಲ್ಲಿ ತರಗತಿ ಶುರುಮಾಡಿದೆ. ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ, ಕೂಲಿಗೆ ಹೋಗುವ ಮುಂಚೆ. ಮುತ್ಯಾ ನಕ್ಕ. “ಹಾಳಿ ಮ್ಯಾಲ ಗೆರಿ ಎಳದ್ರ ನೆಲ ಬರ್ತದೇನ ಹುಚ್ಚಿ?” ಎಂದ. ಬಂದವರು ನಾಲ್ಕೇ ಜನ. ನಿನ್ನ ಜೊತೆಯ ಭೂದೇವತ್ತೆ, ಯಂಕಪ್ಪ, ಕಲ್ಹೇರಿನಿಂದ ಹೋದ ವರ್ಷ ಸೊಸೆಯಾಗಿ ಬಂದ ಧನಲಕ್ಷ್ಮಿ, ಆಮೇಲೆ ಮೊಬೈಲ್ ಅಂಗಡಿಯ ಕ್ರಾಂತಿಕುಮಾರ. ಅವನಂತೂ ಮೊದಲ ದಿನವೇ ಫೋನು ತೆಗೆದು “ಇದ್ರಾಗ ಎಲ್ಲಾ ಬರ್ತದಕ್ಕಾ, ಬರೆಯಾದು ಯಾಕ?” ಎಂದ. ತೆಗೆದು ತೋರಿಸು ಎಂದೆ. ಫೋನಿನಲ್ಲಿ ಊರು ಇತ್ತು, ಮಠ ಇತ್ತು, ಪ್ರವೀಣಕುಮಾರನ ಗೊಬ್ಬರದ ಅಂಗಡಿಯೂ ಇತ್ತು. ನಮ್ಮ ಕಾಲೊನಿ ಇದ್ದ ಜಾಗದಲ್ಲಿ ಬರೀ ಬೂದು ಬಣ್ಣ. ಫೋನು ಜೇಬಿಗೆ ಹಾಕಿ ಪೆನ್ಸಿಲ್ ಕೇಳಿದ.

ಕಲಿಸುವುದು ಸುಲಭವಲ್ಲ ಅವ್ವಾ. ಪುಸ್ತಿಕೆಯಲ್ಲಿ ಗೆರೆಯನ್ನು ಎಡದಿಂದ ಬಲಕ್ಕೆ ಎಳೆಯಬೇಕೆಂದಿದೆ. ಭೂದೇವತ್ತೆ ಹಾಗೆ ಎಳೆದರೆ ಗೆರೆ ಹಾವಿನಂತೆ ಹೊರಳುತ್ತಿತ್ತು, ಎರಡು ದಿನಕ್ಕೆ ಮೂರು ಪೆನ್ಸಿಲ್ ಮೊನೆ ಮುರಿದಳು. “ನನ್ನ ಕೈ ಕಳೆ ತೆಗ್ಯಾಕ ಹುಟ್ಟ್ಯಾದವ್ವಾ, ಬಿಡು” ಎಂದು ಏಳಲು ಹೊರಟಳು. ಅವಳು ಖುರ್ಪಿ ಹಿಡಿದಂತೆಯೇ ಪೆನ್ಸಿಲ್ ಹಿಡಿದಿದ್ದಾಳೆ ಎಂದು ಆಗ ನೋಡಿದೆ. ಖುರ್ಪಿಯನ್ನು ಯಾರೂ ಅಡ್ಡ ಎಳೆಯುವುದಿಲ್ಲ, ತಮ್ಮ ಕಡೆಗೇ ಎಳೆದುಕೊಳ್ಳುತ್ತಾರೆ. ಹಾಳೆ ತಿರುಗಿಸಿ, ಗೆರೆಯನ್ನು ನಿನ್ನ ಹೊಟ್ಟೆಯ ಕಡೆಗೆ ಎಳಿ ಅತ್ತೆ ಎಂದೆ. ಎಳೆದಳು ನೋಡು, ಸಾಲು ಹೊಡೆದಂತೆ! ಪುಸ್ತಿಕೆ ಬರೆದವರಿಗೆ ಕಳೆ ತೆಗೆದು ಗೊತ್ತಿಲ್ಲ, ಅಷ್ಟೇ. ಅಳತೆ ಕಲಿಸಲು ಧನಲಕ್ಷ್ಮಿಯ ರಂಗೋಲಿ ನೆರವಾಯಿತು. ಹಾಳೆಯ ತುಂಬ ಚುಕ್ಕೆ ಇಡಿಸಿದೆ, ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಹತ್ತು ಹೆಜ್ಜೆ ಎಂದೆ. ಯಂಕಪ್ಪನದು ಉದ್ದ ಹೆಜ್ಜೆ, ಧನಲಕ್ಷ್ಮಿಯದು ಗಿಡ್ಡ, ಹಾಗಾಗಿ ಅವನ ಊರು ಚಿಕ್ಕದಾಗಿ ಇವಳ ಊರು ದೊಡ್ಡದಾಗಿ ಬಂತು. “ನಿನ್ನ ಊರಾಗ ಕರ ಜಾಸ್ತಿ ಬೀಳ್ತದ ತಂಗಿ” ಎಂದು ಯಂಕಪ್ಪ ಗೇಲಿ ಮಾಡಿದ. ಕೊನೆಗೆ ಎಲ್ಲರೂ ಭೂದೇವತ್ತೆಯ ಹೆಜ್ಜೆಯನ್ನೇ ಅಳತೆ ಎಂದು ಒಪ್ಪಿದೆವು. ಗೋಡೆಯ ಮೇಲೆ ಸುಣ್ಣದಲ್ಲಿ ನಾನೊಂದು ನಿಯಮ ಬರೆದೆ: ನಡೆಯದ್ದನ್ನು ಬರೆಯಬಾರದು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಐದನೆಯ ದಿನ ಬಾಗಿಲಲ್ಲಿ ಶಿವಶಂಕರಪ್ಪ ಮಾಸ್ತರು ನಿಂತಿದ್ದರು. ಪ್ರವೀಣಕುಮಾರನ ಕಾಕಾ, ಓಣಿಯ ನಡುವಿನ ಮನೆಯವರು. ಜಹೀರಾಬಾದಿನಲ್ಲಿ ಡ್ರಾಯಿಂಗ್ ಮಾಸ್ತರಾಗಿ ಇದ್ದು ರಿಟೈರಾದವರು. ಹಣೆಯ ತುಂಬ ವಿಭೂತಿ, ಬಗಲಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆ. ಚಪ್ಪಲಿ ಮೆಟ್ಟಿಲ ಕೆಳಗೇ ಬಿಟ್ಟು, “ಒಳಗ ಬರ್ಬೋದೇನ್ರಿ ಟೀಚರಮ್ಮಾ? ನಾನೂ ಕಲೀಬೇಕಂತೀನಿ” ಎಂದರು. ನನಗೆ ರೀ! ಇಪ್ಪತ್ತೆರಡು ವರ್ಷದಲ್ಲಿ ಆ ಓಣಿಯವರು ಯಾರೂ ನನಗೆ ಆ ಒಂದಕ್ಷರ ಕೊಟ್ಟಿರಲಿಲ್ಲ. ಜೀವನವಿಡೀ ಡ್ರಾಯಿಂಗ್ ಕಲಿಸಿದ ಮುದುಕ ನನ್ನಂಥವಳ ಹತ್ತಿರ ಗೆರೆ ಎಳೆಯುವುದನ್ನು ಕಲಿಯಲು ಬರುತ್ತಾನೆಂದರೆ ಯಾರು ನಂಬುತ್ತಾರೆ? ಆದರೆ ವಿಹಾರಕ್ಕೆ ಬಂದವರನ್ನು ಹೊರಗೆ ನಿಲ್ಲಿಸುವುದು ನಮ್ಮ ರೀತಿಯಲ್ಲ. ಕೂರಿ ಎಂದೆ. ಪೆಟ್ಟಿಗೆ ಮುಂದೆ ಸರಿಸಿ “ಇದು ನಿಮ್ಮ ಕ್ಲಾಸಿಗೆ ಇರ್ಲಿ” ಎಂದರು. ಬೇಡ, ನಮ್ಮ ಪೆನ್ಸಿಲ್ ನಮಗೆ ಸಾಕು ಎಂದೆ. ಪೆಟ್ಟಿಗೆ ಪಕ್ಕಕ್ಕಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂತರು. ಎಲ್ಲರಿಗೂ ಕೊಟ್ಟಂತೆ ಇಪ್ಪತ್ತು ನೆಟ್ಟನೆಯ ಗೆರೆ ಕೊಟ್ಟೆ. ಅವರ ಕೈ ನಡುಗುತ್ತದೆ ಅವ್ವಾ. ಇಪ್ಪತ್ತೂ ಗೆರೆ ಗರಗಸದ ಹಲ್ಲಿನಂತೆ ಬಂದವು. “ಮಾಸ್ತರ, ಈ ಸಲ ನೀವು ಫೇಲು” ಎಂದ ಯಂಕಪ್ಪ. ಅವರೂ ನಕ್ಕರು. ನಾನು ನಗಲಿಲ್ಲ. ಅದು ನಟನೆ ಎಂದುಕೊಂಡೆ. ಅವರು ಚಹಾ ಕುಡಿಯುವಾಗ ಲೋಟ ನಡುಗುತ್ತದೋ ಎಂದು ಕಳ್ಳಗಣ್ಣಿನಿಂದ ನೋಡಿದೆ. ನಡುಗಿತು. ನಟನೆಯಲ್ಲಿ ಪಳಗಿದ್ದಾರೆ ಎಂದುಕೊಂಡೆ. ಮರುವಾರ ಭೂದೇವತ್ತೆಯ ಕೈಯಲ್ಲಿ ಹೊಸ ರಬ್ಬರು ಕಂಡಿತು, ಗುಲಾಬಿ ಬಣ್ಣದ್ದು, ವಾಸನೆಯದು. ಮಾಸ್ತರು ಕೊಟ್ಟರಂತೆ. ಅವಳು ಕೂಲಿಗೆ ಹೋಗುವುದು ಪ್ರವೀಣಕುಮಾರನ ಹೊಲಕ್ಕೇ. ಅಂದಿನಿಂದ ಅವಳ ಮುಂದೆಯೂ ಮಾತು ಕಡಿಮೆ ಮಾಡಿದೆ. ಈಗ ಅದಕ್ಕೆ ನಾಚಿಕೆಯಾಗುತ್ತದೆ, ಆದರೆ ಆಗ ಹಾಗಿತ್ತು.

ಹೋದ ಶುಕ್ರವಾರ ಪರೀಕ್ಷೆ ಇಟ್ಟೆ. ವಿಹಾರದಿಂದ ಶಾಲೆಗೆ ಹೋಗುವ ದಾರಿಯನ್ನು ನಡೆದು, ಹೆಜ್ಜೆ ಎಣಿಸಿ, ಬರೆದು ತನ್ನಿ ಎಂದೆ. ಬೇಕೆಂದೇ ಯಾವ ದಾರಿ ಎಂದು ಹೇಳಲಿಲ್ಲ. ಶನಿವಾರ ನಾಲ್ಕು ಹಾಳೆ ಬಂದವು. ಚುಕ್ಕೆ ಸರಿ, ಅಳತೆ ಸರಿ, ಗೆರೆ ಚೆಂದ. ನಾಲ್ಕರಲ್ಲೂ ದಾರಿ ಹುಣಸೆಮರದ ಹತ್ತಿರ ಎಡಕ್ಕೆ ಬಾಗಿತ್ತು! ನಾಲ್ಕರಲ್ಲೂ ಹಳ್ಳ, ನಾಲ್ಕರಲ್ಲೂ ಸುಡುಗಾಡು, ನಾನೂರ ಐವತ್ತರ ಹತ್ತಿರ ಹೆಜ್ಜೆ. ಭೂದೇವತ್ತೆಯ ಹಾಳೆಯಲ್ಲಿ ಮಠದ ಓಣಿಯೇ ಇರಲಿಲ್ಲ, ಅಲ್ಲಿ ಖಾಲಿ ಬಿಳಿ. ಈ ಓಣಿ ಎಲ್ಲಿ ಅತ್ತೆ ಎಂದರೆ “ದಾರಿ ಬರಿ ಅಂದಿ, ಬರದೀನಿ. ಅದು ದಾರಿ ಅಲ್ಲಲ್ಲವ್ವ, ಅದು ಅವರ ಓಣಿ” ಎಂದಳು. ಯಾರು ಬೇಡವೆಂದರು ಎಂದು ಕೂಗಿದೆ. “ಬ್ಯಾಡ ಅಂತ ಯಾರೂ ಅಂದಿಲ್ಲ” ಎಂದ ಯಂಕಪ್ಪ, “ಬಾ ಅಂತನೂ ಯಾರೂ ಅಂದಿಲ್ಲ. ಬಣವಿ ಒಟ್ಟಾಕ ಮೊದಲ ಎಲೆಕ್ಷನ್ ದಿನ ಮಾತ್ರ ಜೀಪಿನ್ಯಾಗ ಕೂಡಿಸ್ಕೊಂಡು ಅದ್ರಾಗೇ ಒಯ್ತಿದ್ರು. ಗಾಲಿಗೆ ಜಾತಿ ಇಲ್ಲ ನೋಡು.” ಎಲ್ಲರೂ ನಕ್ಕರು. ಹಿಂದಿನ ಸಾಲಿನಲ್ಲಿ ಮಾಸ್ತರು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ಜನ ನಡೆಯದ ದಾರಿಗೆ ರಸ್ತೆ ಇಲ್ಲ ಎಂಬುದು ಪಂಚಾಯತಿಯವರ ಮಾತು. ಕಾಲೊನಿಯವರೇ ಓಣಿಯಲ್ಲಿ ನಡೆಯುವುದಿಲ್ಲ ಎಂಬುದಕ್ಕೆ ಸಾಕ್ಷಿಯನ್ನು ನಾನೇ ಕಲಿಸಿ, ನಾನೇ ಬರೆಸಿ, ನಾಲ್ಕು ಪ್ರತಿ ಮಾಡಿಸಿಟ್ಟಿದ್ದೆ. ಆ ಹಾಳೆ ಹರಿದುಹಾಕೋಣ ಎಂದೆ. ಧನಲಕ್ಷ್ಮಿ ತನ್ನದನ್ನು ಎದೆಗೆ ಅವುಚಿಕೊಂಡಳು. “ನಾ ನಡದದ್ದು ಬರದೀನ್ರಿ ಅಕ್ಕಾ. ಸುಳ್ಳೇನ ಅದು?” ಎಂದಳು. ಆ ಹುಡುಗಿ ಅದುವರೆಗೆ ಬಾಯಿ ಬಿಟ್ಟವಳಲ್ಲ.

ಭಾನುವಾರವಿಡೀ ಕೂತು ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ಸಭೆಗೆ ಕೊಡುವ ನಕಾಶೆಯನ್ನು ನಾನೇ ಬರೆದೆ. ಎರಡು ದಾರಿಯನ್ನೂ ತೋರಿಸಿದೆ. ಓಣಿಗೆ ಕೆಂಪು, ಹಳ್ಳದ ದಾರಿಗೆ ಕಪ್ಪು. ಓಣಿ ನೂರ ಅರವತ್ತೈದು ಹೆಜ್ಜೆ ಎಂದು ಬರೆದು ವಿಹಾರದ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಒಂದು ಕೀಲಿ ನನ್ನ ಹತ್ತಿರ, ಒಂದು ಮುತ್ಯಾನ ಹತ್ತಿರ. ನಿನ್ನೆ ಬುಧವಾರ ಬೆಳಿಗ್ಗೆ ತೆಗೆದು ನೋಡುತ್ತೇನೆ, ಶೀಟಿನ ಮೇಲೆ ಯಾರೋ ಕೈ ಆಡಿಸಿದ್ದಾರೆ! ನನ್ನ ಕೆಂಪು ಗೆರೆಯ ಪಕ್ಕದಲ್ಲಿ ತೆಳ್ಳಗೆ ಪೆನ್ಸಿಲಿನ ಇನ್ನೊಂದು ಗೆರೆ, ನನ್ನ ಅಂಕಿಯ ಸುತ್ತ ಒಂದು ವೃತ್ತ. ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಗೆರೆ ಗರಗಸದ ಹಲ್ಲಿನಂತಿತ್ತು. ಮನೆಗೆ ಓಡಿದೆ. “ಮಾಸ್ತರ ಕೀಲಿ ಕೇಳಿದ್ರು, ಕೊಟ್ಟೆ” ಎಂದ ಮುತ್ಯಾ, ನೆಲ ನೋಡುತ್ತ. ನಮ್ಮ ಮನೆಯಲ್ಲೇ! ಅಪ್ಪ ತೀರಿಕೊಂಡ ಮೇಲೆ ನಮ್ಮನ್ನು ಸಾಕಿದ ಮುತ್ಯಾನ ಮೇಲೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಎಲ್ಲರೂ ಬಂದು ಕೂತ ಮೇಲೆ ಶೀಟನ್ನು ಮಾಸ್ತರ ಮುಂದೆ ಹಾಸಿದೆ. ಯಾರು ಕಳಿಸಿದರು ನಿಮ್ಮನ್ನು ಎಂದು ಕೇಳಿದೆ. ಅವರು ಸುಳ್ಳು ಹೇಳುತ್ತಾರೆ, ಹಿಡಿಯಬೇಕು ಎಂದು ನಾಲ್ಕು ಪ್ರಶ್ನೆ ಸಿದ್ಧಮಾಡಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. “ಪ್ರವೀಣ ಕಳಿಸ್ಯಾನ” ಎಂದರು. “ಕಾಕಾ, ಆ ಮಂದಿ ಯಾವ ದಾರಿ ಬರೀತಾರ ನೋಡ್ಕೊಂಡು ಬಾ ಅಂದ. ಅದಕ್ಕೇ ಬಂದೆ. ನಾಲ್ಕೂ ಮಂದಿ ಹಳ್ಳದ ದಾರಿ ಬರದಾರ ಅಂತ ಶನಿವಾರ ಹೇಳೀನಿ ಅವನಿಗೆ. ಆ ಹಾಳಿ ಸಭಾದಾಗ ತರಸ್ತೀನಿ ಅಂತ ಕುಣ್ಯಾಕ ಹತ್ಯಾನ.” ನೋಡಿದಿರಾ, ನಾನು ಹೇಳಲಿಲ್ಲವೇ ಎಂದು ಎಲ್ಲರ ಕಡೆ ತಿರುಗಿದೆ. ಅವ್ವಾ, ನನ್ನ ಅನುಮಾನ ಸರಿಯಾಗಿತ್ತು. ಅದನ್ನು ನೀನು ಮರೆಯಬೇಡ, ಯಾಕೆಂದರೆ ಮುಂದಿನದನ್ನು ಬರೆಯುವಾಗ ನಾನೇ ಮರೆತುಬಿಡುತ್ತೇನೇನೋ ಎಂದು ಭಯವಾಗುತ್ತದೆ. ಅವರು ನಡುಗುವ ಬೆರಳನ್ನು ನನ್ನ ಕೆಂಪು ಗೆರೆಯ ಮೇಲಿಟ್ಟು, “ಅದಿರ್ಲಿ. ಇದನ್ನ ನಡದು ಬರದೀಯೇನವ್ವಾ ನೀ?” ಎಂದರು. ಅದುವರೆಗಿನ ರೀ ಹೋಗಿ ನೀ ಆಗಿತ್ತು.

ನಾನು ಶೀಟನ್ನು ನೋಡಿದೆ. ಮೊದಲ ಸಲ ಸರಿಯಾಗಿ ನೋಡಿದೆ. ಓಣಿ ಹಗ್ಗ ಹಿಡಿದಂತೆ ನೆಟ್ಟಗಿದೆ, ಊರಿಗೆಲ್ಲ ಗೊತ್ತು. ನನ್ನ ಗೆರೆ ಮಾತ್ರ ಮಾಸ್ತರ ಮನೆ ಬರುವ ಹೊತ್ತಿಗೆ ಒಂದು ಬೆರಳಿನಷ್ಟು ಎಡಕ್ಕೆ ಸರಿದು, ಮನೆ ದಾಟಿದ ಮೇಲೆ ವಾಪಸು ಬಂದಿತ್ತು. ಅವರ ಪೆನ್ಸಿಲ್ ಗೆರೆ ನಡುಗಿದರೂ ಅಲ್ಲಿ ಸೀದಾ ಹೋಗಿತ್ತು. ಸ್ಕೇಲು ಇಟ್ಟು ಎಳೆದವಳಲ್ಲ ನಾನು, ಕೈಯಿಂದಲೇ ಎಳೆಯಬೇಕೆಂಬ ಹಟ. ಆ ಕೈ ಅಲ್ಲಿ ಬಾಗಿದ್ದು ನನಗೇ ಗೊತ್ತಿರಲಿಲ್ಲ. ನೂರ ಅರವತ್ತೈದು ಹೆಜ್ಜೆ ಎಂದು ಬರೆದಿದ್ದೆನಲ್ಲ, ಅದನ್ನು ಹುಣಸೆಮರದ ಕೆಳಗೆ ನಿಂತು ಕಣ್ಣಳತೆಯಲ್ಲಿ ಬರೆದಿದ್ದೆ. ಬಣವೆ ಅಡ್ಡ ಇದೆ, ನಾಯಿ ಇದೆ, ಹೊತ್ತಾಯಿತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹತ್ತು ವರ್ಷ ಶಾಲೆಗೆ ಹೋದದ್ದು ಹಳ್ಳದ ದಾರಿಯಲ್ಲೇ. ಶಾಲೆ ಮುಗಿದ ಮೇಲೆ ಬಸ್ಸಿಗೆ ಹೋಗುವುದು ಬೇರೆ ದಿಕ್ಕು, ಆ ಓಣಿಯ ನೆನಪೇ ಬರಲಿಲ್ಲ. ಜಹೀರಾಬಾದಿನ ಸಭೆಯಲ್ಲಿ ಮೈಕು ಹಿಡಿದು ಮಾತಾಡಿದವಳು ನಾನು. ನಮ್ಮ ಊರಿನ ಇನ್ನೂರು ಹೆಜ್ಜೆಯ ಓಣಿಯಲ್ಲಿ ಒಮ್ಮೆಯೂ ಕಾಲಿಟ್ಟಿಲ್ಲ. ಗೋಡೆಯ ಮೇಲೆ ನನ್ನದೇ ಅಕ್ಷರದಲ್ಲಿ ನಿಯಮ ಇತ್ತು. ಎಲ್ಲರೂ ಅದನ್ನೇ ಓದುತ್ತಿದ್ದರು, ನನ್ನ ಕಡೆ ನೋಡಲಿಲ್ಲ. ಅದು ಅವರ ದೊಡ್ಡತನ. ರಬ್ಬರು ಕೊಡು ಅತ್ತೆ ಎಂದು ಭೂದೇವತ್ತೆಯಿಂದ ಆ ಗುಲಾಬಿ ರಬ್ಬರನ್ನೇ ಇಸಿದುಕೊಂಡು ನನ್ನ ಅಂಕಿಯನ್ನು ಅಳಿಸಿದೆ. ಈಗ ಅಲ್ಲಿ ಖಾಲಿ ಇದೆ.

ಮಾಸ್ತರು ಆಮೇಲೆ ಮೆಟ್ಟಿಲ ಹತ್ತಿರ ನನ್ನೊಬ್ಬಳಿಗೇ ಇನ್ನೊಂದು ಮಾತು ಹೇಳಿದರು. ಅದನ್ನು ಬರೆಯಲೋ ಬೇಡವೋ ಎಂದು ಇನ್ನೂ ನಿರ್ಧರಿಸಿಲ್ಲ. ಓಣಿ ಊರಿನದು, ಬಣವೆ ಅಡ್ಡ ಬಂದಿದೆ ಎಂದು ಸೋಮವಾರ ಸಭೆಯಲ್ಲಿ ಎದ್ದು ಹೇಳುತ್ತಾರಂತೆ. ಹೇಳಿದ ಮೇಲೆ ನೋಡೋಣ ಎಂದೆ. ಒಂದು ಮನೆಯಲ್ಲಿ ಉಂಡು ಇನ್ನೊಂದು ಕಡೆ ಕಣ್ಣೀರು ಹಾಕುವವರನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಸಭೆಯ ಹಿಂದಿನ ದಿನ ಅವರಿಗೆ ಜ್ವರ ಬಂದರೆ ನನಗೇನೂ ಆಶ್ಚರ್ಯವಾಗುವುದಿಲ್ಲ.

ಅಕ್ಕನಿಗೆ, ಭಾವನಿಗೆ ನನ್ನ ನೆನಪು ಹೇಳು. ಕೂಸಿನ ಹಣೆಗೆ ನನ್ನ ಲೆಕ್ಕದಲ್ಲಿ ಎರಡು ಮುತ್ತು ಕೊಡು. ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಲು ನಾಚಬೇಡ, ಮಗಳು ಇರುವುದು ಅದಕ್ಕೂ ಹೌದು. ಮುತ್ಯಾ ನಿನಗೆ ಆಶೀರ್ವಾದ ಬರೆ ಎಂದ, ಬರೆದಿದ್ದೇನೆ. ಬೇರೇನಾದರೂ ಬರೆಯಲೇ ಎಂದರೆ ಎದ್ದು ಕೋಳಿ ನೋಡಲು ಹೋದ.

ನಿನ್ನ ಮಗಳು,
ರಜನಿ

ತಾ.ಕ.: ಅವ್ವಾ, ಲಾರಿ ಬಂದು ನಿಂತಿದೆ, ಯಂಕಪ್ಪ ಹಾರ್ನ್ ಹೊಡೆಸುತ್ತಿದ್ದಾನೆ, ಆದರೆ ಬರೆಯದೆ ಇದನ್ನು ಅಂಟಿಸಲು ಆಗುತ್ತಿಲ್ಲ. ಮಾಸ್ತರು ಹೇಳಿದ್ದು ನಿನ್ನ ವಿಷಯ. ಅವರು ಮೊದಲು ಎರಡು ವರ್ಷ ನಮ್ಮ ಊರ ಶಾಲೆಯಲ್ಲೇ ಇದ್ದರಂತೆ, ನೀನು ಆಗ ನಾಲ್ಕನೆಯ ತರಗತಿ. ನೀನು ಬರೆದ ಕೋಳಿಯ ಚಿತ್ರ ನೋಡಿ, ಭಾನುವಾರ ಮನೆಗೆ ಬಾ, ಬಣ್ಣದ ಪೆಟ್ಟಿಗೆ ಕೊಡುತ್ತೇನೆ ಎಂದರಂತೆ. ನೀನು ಮುತ್ಯಾ ತಂದ ಹೊಸ ಚಪ್ಪಲಿ ಹಾಕಿಕೊಂಡು ಓಣಿಯಲ್ಲಿ ನಡೆದು ಹೋದೆಯಂತೆ. ಅವರ ತಾಯಿ ಈರಮ್ಮ ನಿನ್ನ ಕೈಗೆ ಪೊರಕೆ ಕೊಟ್ಟು, ದೂರದಿಂದ ನೀರು ಸುರಿಯುತ್ತ, ಅವರ ಬಾಗಿಲಿಂದ ಹುಣಸೆಮರದವರೆಗೆ ನೀನು ನಡೆದಷ್ಟನ್ನೂ ನಿನ್ನಿಂದಲೇ ತೊಳೆಸಿದಳಂತೆ. ಚಪ್ಪಲಿಯನ್ನು ಬಗಲಲ್ಲಿ ಇಟ್ಟುಕೊಂಡು ತೊಳೆದೆಯಂತೆ. ಇವರು ಪೆಟ್ಟಿಗೆ ಹಿಡಿದುಕೊಂಡು ಬಾಗಿಲ ಹಿಂದೆ ನಿಂತಿದ್ದರು. ಹೊರಗೆ ಬರಲಿಲ್ಲ. ಸೋಮವಾರದಿಂದ ನೀನು ಶಾಲೆಗೆ ಬರಲಿಲ್ಲ. “ಬಾಲಮಣಿ ಕೈಯಾಗ ಗೆರಿ ಇತ್ತು” ಎಂದು ನಿನ್ನ ಹೆಸರು ಹಿಡಿದು ಹೇಳಿದರು. ಟೇಪು ಇಲ್ಲದೆ, ಸಾಬೂನಿನ ಚೂರಿನಲ್ಲಿ ಸರ್ರನೆ ಒಂದೇ ಎಳೆತಕ್ಕೆ ನೀನು ರವಿಕೆಯ ಕತ್ತು ಬರೆಯುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಕುರಿ ಕಾಯಲು ಶಾಲೆ ಬಿಟ್ಟೆ ಎಂದು ನೀನು ಹೇಳಿದ್ದನ್ನು ನಂಬಿದ್ದೆ. ಮೊದಲ ದಿನ ಅವರು ತಂದ ಪೆಟ್ಟಿಗೆ ಅದೇ. ಮುಚ್ಚಳದ ಒಳಗೆ ನಿನ್ನ ಹೆಸರಿದೆ. ಆಗಿನದೋ, ಹೋದ ವಾರ ಬರೆದದ್ದೋ ನನಗೆ ಗೊತ್ತಿಲ್ಲ. ನಾನು ತೆಗೆದುಕೊಂಡಿಲ್ಲ. ತೆಗೆದುಕೊಳ್ಳುವುದೋ ಎಸೆಯುವುದೋ ನಿನಗೆ ಬಿಟ್ಟದ್ದು.

ಮುತ್ಯಾನನ್ನು ಕೇಳಿದೆ. ಮರುದಿನ ತಾನೇ ಈರಮ್ಮನ ಬಾಗಿಲಿಗೆ ಹೋಗಿ ಕೈಮುಗಿದು ಬಂದೆ ಎಂದ. ಮುಂದೆ ಕೇಳಿದರೆ “ನಿಮ್ಮವ್ವನ ಕೇಳು” ಎಂದ. ಇವತ್ತು ಬೆಳಿಗ್ಗೆ ತರಗತಿಯನ್ನು ಓಣಿ ಅಳೆಯಲು ಕರೆದುಕೊಂಡು ಹೊರಟೆ. ಹುಣಸೆಮರದ ಹತ್ತಿರ ಬಂದೊಡನೆ ಭೂದೇವತ್ತೆ ಬಗ್ಗಿ ಚಪ್ಪಲಿ ಕೈಗೆ ತೆಗೆದುಕೊಂಡಳು. ಅವಳನ್ನು ನೋಡಿ ಧನಲಕ್ಷ್ಮಿಯೂ ತೆಗೆದಳು. ಹಾಕಿಕೊಳ್ಳಿ ಎಂದು ಬೈಯಲು ಬಾಯಿ ತೆರೆದರೆ, ನನ್ನ ಕೈಯೂ ಚಪ್ಪಲಿಯ ಪಟ್ಟಿಯ ಮೇಲಿತ್ತು ಅವ್ವಾ. ನಾವು ಯಾರೂ ಮುಂದೆ ಹೋಗಲಿಲ್ಲ. ಭೂದೇವತ್ತೆ ಹೇಳಿದಳು: “ಹಾಕ್ಕೊಂಡೇ ಬರ್ತೀನಿ. ಆದ್ರ ಮುಂದ ನಿಮ್ಮವ್ವ ಇರ್ಲಿ. ಆ ದಾರಿ ತೊಳದಕಿ ಆಕಿ.” ಅವಳಿಗೆ ಗೊತ್ತಿತ್ತು. ನಿನ್ನ ವಯಸ್ಸಿನ ಎಲ್ಲರಿಗೂ ಗೊತ್ತಿತ್ತು. ನನ್ನೊಬ್ಬಳಿಂದ ಮುಚ್ಚಿಟ್ಟಿರಿ.

ಯಂಕಪ್ಪನ ಲಾರಿ ಶನಿವಾರ ವಾಪಸು ಬರುತ್ತದೆ, ಡ್ರೈವರನ ಪಕ್ಕ ನಿನಗೆ ಜಾಗ ಇಡಿಸಿದ್ದೇನೆ. ಅಕ್ಕ ಎರಡು ದಿನ ಸಂಭಾಳಿಸಿಕೊಳ್ಳಲಿ. ಸೋಮವಾರ ಎಂಟು ಗಂಟೆಗೆ, ಎಂಜಿನಿಯರ್ ಬರುವ ಮುಂಚೆ, ಬಣವೆಯ ಪಕ್ಕದಲ್ಲಿ ಒಬ್ಬೊಬ್ಬರೇ ಹಾಯ್ದಾದರೂ ಸರಿ, ನಾವು ಶಾಲೆಯ ಮುಂದಿನ ಗೇಟಿನವರೆಗೆ ನಡೆಯಬೇಕು. ನಕಾಶೆಯಲ್ಲಿ ಖಾಲಿ ಬಿಟ್ಟ ಕಡೆ ನಿನ್ನ ಹೆಜ್ಜೆಯ ಎಣಿಕೆಯನ್ನೇ ಬರೆಯುತ್ತೇನೆ, ಮೊಣಕಾಲು ನೋಯುವವರ ಹೆಜ್ಜೆ ಗಿಡ್ಡ ಎಂದು ಯಾರಾದರೂ ಅಂದರೆ ಅನ್ನಲಿ. ಬರುವುದಿಲ್ಲ ಎಂದರೆ ಫೋನು ಮಾಡಬೇಡ, ನನಗೆ ಕೇಳುವುದು ಬೇಡ. ಹೊಸ ಚಪ್ಪಲಿ ಬೇಡ, ದಿನಾ ಹಾಕುವುದನ್ನೇ ಹಾಕಿಕೊಂಡು ಬಾ. ನಾನು ಆರು ವರ್ಷದವಳಿದ್ದಾಗ, ಮೊದಲ ದಿನ ಶಾಲೆಗೆ ಕರೆದೊಯ್ಯುವಾಗ, ಆ ಮರದ ಹತ್ತಿರ ನೀನು ನನ್ನ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿದು ಎಡಕ್ಕೆ ಎಳೆದಿದ್ದೆ, ಯಾಕೆಂದು ಹೇಳಿರಲಿಲ್ಲ. ಸೋಮವಾರ ಅಲ್ಲಿ ನಿನ್ನ ಕೈ ಚಪ್ಪಲಿಯ ಕಡೆಗೆ ಹೋದರೆ ನಾನು ಅಷ್ಟೇ ಬಿಗಿಯಾಗಿ ಹಿಡಿಯುತ್ತೇನೆ. ನನ್ನದು ಹೋದರೆ ನೀನು ಹಿಡಿ.